ಹೆಂಚು ಎಲ್ಲಿರಬೇಕು

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ಶಹಾಬಾದಿನ ಶಾಲೆಗೊಂದು ಹೊಸ ಪರೀಕ್ಷೆ ಬಂತು. ದೇಶದ ಮಕ್ಕಳೆಲ್ಲ ಒಂದೇ ಮಟ್ಟಕ್ಕೆ ಬರಬೇಕಂತೆ, ಅದಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಉತ್ತರ. ಪಾಸಾದ ಏಳನೆಯ ತರಗತಿಯ ಮಕ್ಕಳಿಗೆ ಗುಲಬರ್ಗಾದಲ್ಲಿ ಹಾಸ್ಟೆಲು, ಹೈಸ್ಕೂಲು. ಶಹರಬಾನು ಟೀಚರಿಗೆ ಇದು ಚಲೋ ಅನ್ನಿಸಿತ್ತು. ದೊಡ್ಡ ಊರಿನ ಮಕ್ಕಳ ಸಮಕ್ಕೆ ತನ್ನ ಮಕ್ಕಳೂ ನಿಲ್ಲಲಿ ಎಂದು ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ಕಲಿಸಿದ್ದಳು.

ಅವರಲ್ಲಿ ಲಾಲಮ್ಮ ಎಲ್ಲರಿಗಿಂತ ಚುರುಕು. ಅವಳಪ್ಪ ಮಾಣಿಕಪ್ಪ ಕಲ್ಲಿನ ಖಣಿಯಲ್ಲಿ ಫರ್ಸಿ ಎಂಬ ಚಪ್ಪಡಿಗಲ್ಲು ಎಬ್ಬಿಸುವವನು. "ಪಾಸಾದ್ರ ಓದಲಿ ಟೀಚರ್, ಇಲ್ಲಾಂದ್ರ ನಾಳಿಂದ ನನ್ನ ಕೂಡ ಖಣಿಗಿ ಬರತಾಳ" ಎಂದು ಮೊದಲೇ ಹೇಳಿಬಿಟ್ಟಿದ್ದ.

ಲಾಲಮ್ಮ ಒಂದೇ ಒಂದು ಅಂಕದಿಂದ ನಪಾಸಾದಳು.

ಟೀಚರ್ ಹುಡುಗಿಯನ್ನು ಕರೆದುಕೊಂಡು ನೇರ ಚಿತ್ತಾಪುರದ ಕಚೇರಿಗೆ ಹೋದಳು. ತೆಂಕಣ ಸೀಮೆಯಿಂದ ಬಂದಿದ್ದ ಪರೀಕ್ಷಾಧಿಕಾರಿ ಉತ್ತರಪತ್ರಿಕೆ ತೆಗೆಸಿ ತೋರಿಸಿದರು. 'ಹೆಂಚನ್ನು ಎಲ್ಲಿ ಹೊದಿಸುತ್ತಾರೆ?' ಎಂಬ ಪ್ರಶ್ನೆಗೆ ಲಾಲಮ್ಮ ಬರೆದಿದ್ದಳು: 'ಹಂಚು ಹೊದಿಸುವುದಿಲ್ಲ. ಒಲೆಯ ಮೇಲೆ ಇಟ್ಟು ರೊಟ್ಟಿ ಸುಡುತ್ತಾರೆ. ಮನೆಯ ಮೇಲೆ ಫರ್ಸಿ ಹಾಕುತ್ತಾರೆ.' ಅದರ ಮೇಲೆ ಕೆಂಪು ಗೀಟು ಎಳೆದಿತ್ತು.

ಟೀಚರಿಗೆ ಮೈಯೆಲ್ಲ ಉರಿಯಿತು. "ಇದರಾಗ ತಪ್ಪೇನದರಿ ಸಾಹೇಬ್ರ? ನಮ್ಮ ಕಡಿ ಹಂಚು ಅಂದ್ರ ರೊಟ್ಟಿ ಹಂಚು. ನಿಮ್ಮ ಕೆಂಪು ಹೆಂಚು ಈ ಹುಡುಗಿ ಕಣ್ಣಿಲೇ ನೋಡಿಲ್ಲ."

"ಊರಿಗೊಂದು ಉತ್ತರ ಅಂದರೆ ಮಟ್ಟ ಎಲ್ಲಿ ಉಳಿಯುತ್ತದೆ, ಟೀಚರ್?"

"ಹಂಗಾದ್ರ ಮ್ಯಾಲ ನೋಡ್ರಿ!"

ಅಧಿಕಾರಿ ಮುಖ ಎತ್ತಿದರು. ಅವರ ತಲೆಯ ಮೇಲೂ ಶಹಾಬಾದಿನ ಫರ್ಸಿಯೇ ಇತ್ತು. ಅದರ ತಂಪಿನಲ್ಲೇ ಕುಳಿತು ಆ ಮನುಷ್ಯ ಮಗುವಿನ ಉತ್ತರಕ್ಕೆ ಸೊನ್ನೆ ಕೊಟ್ಟಿದ್ದ! ನಾಚಿಕೊಂಡಾರೆಂದು ಟೀಚರ್ ಕಾದಳು. ಅವರು ನಾಚಲಿಲ್ಲ.

"ಇರಬಹುದು. ಮೇಲಿನಿಂದ ಬಂದ ಉತ್ತರದಲ್ಲಿ ಅದಿಲ್ಲವಲ್ಲ" ಎಂದರು. ಆದರೆ ಅವರು ಕೆಟ್ಟವರೇನೂ ಅಲ್ಲ, ಹುಡುಗಿಯ ಮುಖ ನೋಡಿ ಮೆತ್ತಗಾದರು. "ಒಂದು ಅವಕಾಶ ಕೊಡುತ್ತೇನೆ. ಈಗ ಬಾಯಲ್ಲಿ ಸರಿಯಾಗಿ ಹೇಳಲಿ, ಅಂಕ ಹಾಕುತ್ತೇನೆ. ಹೇಳಮ್ಮ, ಹೆಂಚು ಎಲ್ಲಿರುತ್ತದೆ?"

ಸರಿ ಬರೆದ ಕೂಸಿಗೆ ದಯೆ ತೋರಿಸಲು ಇವನ್ಯಾರು! ಟೀಚರ್ ಬಾಯಿ ತೆರೆದಳು. ಅಷ್ಟರಲ್ಲಿ ಖಣಿಯ ಬಿಸಿಲು ನೆನಪಾಗಿ ಮಾತು ನುಂಗಿಕೊಂಡಳು. ಲಾಲಮ್ಮ ಒಮ್ಮೆ ಟೀಚರನ್ನು, ಒಮ್ಮೆ ಸಾಹೇಬರನ್ನು ನೋಡಿದಳು. ಜಾಣ ಹುಡುಗಿ, ಏನು ಬೇಕಾಗಿದೆ ಎಂದು ತಿಳಿಯಲು ತಡವಾಗಲಿಲ್ಲ.

"ಮನೆಯ ಮೇಲೆ ಇರುತ್ತದೆ" ಎಂದಳು, ಪುಸ್ತಕದ ಕನ್ನಡದಲ್ಲಿ.

"ಶಾಭಾಸ್!" ಎಂದು ಸಾಹೇಬರು ಅಂಕ ಹಾಕಿದರು.

ಸಂಜೆ ಮಾಣಿಕಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಟೀಚರನ್ನೂ ಕರೆದು ಕೂರಿಸಿದ. ಅವಳ ಬಾಯಿಗೆ ಸಕ್ಕರೆ ರುಚಿಸಲಿಲ್ಲ.

"ಸಾಹೇಬ್ರು ಏನ್ ಕೇಳಿದ್ರವ್ವ?" ಎಂದು ಅವನು ಮಗಳನ್ನು ಕೇಳಿದ.

"ಹಂಚು ಎಲ್ಲಿರತದ ಅಂತ ಕೇಳಿದ್ರು."

ಮಾಣಿಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟೇನಾ? ಇದನ್ನ ನಾನೂ ಹೇಳತಿದ್ದೆ! ಒಲಿ ಮ್ಯಾಲ. ಮನಿ ಮ್ಯಾಲ ನಾವು ಎಬ್ಬಿಸಿದ ಫರ್ಸಿ ಇರತದ, ಅಲ್ಲೇನು?"

ಲಾಲಮ್ಮ ನಗಲಿಲ್ಲ. ದಡ್ಡನಿಗೆ ತಿಳಿಹೇಳುವಷ್ಟು ತಾಳ್ಮೆಯಿಂದ ಅಪ್ಪನಿಗೆ ಹೇಳಿದಳು:

"ಅಲ್ಲಪ್ಪಾ. ಅದು ತಪ್ಪು ಅದ."