ಇಬ್ಬರು ಅಜ್ಜಿಯರ ತೊಟ್ಟಿಲ ಪದ

ಬೀಗತಿಯರಿಬ್ಬರೂ ಸಾಲಿಗೆ ಸಾಲು ಕೂಡಿಸಿ ಹೊಸ ಪದ ಕಟ್ಟಿದ ಮೇಲೆಯೇ ಕೂಸನ್ನು ತೊಟ್ಟಿಲಿಗೆ ಹಾಕುವುದು ಆ ಮನೆಗಳ ರೂಢಿ. ಸಂಜೆಗೆ ಆಸ್ಪರಿಯಲ್ಲಿ ನಾಮಕರಣ. ಆದರೆ ಗಂಡಿನ ಕಡೆಯ ಅಜ್ಜಿ ಗಾದಿಲಿಂಗಮ್ಮ ಕಾಲು ಮುರಿದುಕೊಂಡು ಆದವಾನಿಯಲ್ಲಿ ಮಂಚ ಹಿಡಿದಿದ್ದಳು. ಅದಕ್ಕೇ ಬಾಣಂತಿ ಸುಹಾಸಿನಿ ತನ್ನವ್ವ ಉರುಕುಂದಮ್ಮನ ಮುಂದೆ ಫೋನ್ ಇಟ್ಟು, ಅತ್ತೆಗೆ ವಿಡಿಯೋ ಕಾಲ್ ಹಚ್ಚಿಕೊಟ್ಟಳು.

ಗಾದಿಲಿಂಗಮ್ಮ ಪದ ಎತ್ತಿಕೊಂಡಳು: “ಹತ್ತೀಯ ಹಾಸೀಗಿ ಹಾಸೀವಿ ಕಂದವ್ವ...”

ಉರುಕುಂದಮ್ಮ “ಮೆತ್ತಗ” ಎನ್ನುವಷ್ಟರಲ್ಲಿ ಅತ್ತಲಿಂದ ಇನ್ನೊಂದು ಸಾಲು ಬಂದು ಮೇಲೆ ಬಿತ್ತು. ಮತ್ತೆ ಶುರು ಮಾಡಿದರು. ಮತ್ತೆ ಡಿಕ್ಕಿ.

“ಏನ್ರೀ ಬೀಗತಿ, ಗಂಡಿನ ಕಡ್ಯಾರಂತ ನನ್ ಸಾಲೂ ನೀವೇ ನುಂಗ್ತೀರೇನು?”

“ಅಯ್ಯ, ನೀವು ಸುಮ್ನ ಕುಂತಿದ್ರಿ! ಪದ ಸಿಗವಲ್ದೇನೋ ಅನ್ಕೊಂಡೆ.”

“ನಾನಾ? ಸುಮ್ನಾ?”

ಸುಹಾಸಿನಿ ನಕ್ಕಳು. “ಅವ್ವಾ, ನಿನ್ ಧ್ವನಿ ಆದವಾನಿಗೆ ತಡಾಗಿ ಮುಟ್ತೈತಿ.”

ಉರುಕುಂದಮ್ಮನಿಗೆ ಕಸಿವಿಸಿ. ಮೊದಲ ಮೊಮ್ಮಗಳು. ಅದಕ್ಕೆಂದೇ ಕಟ್ಟಿದ ಪದವಿಲ್ಲದೆ ತೊಟ್ಟಿಲಿಗೆ ಹಾಕುವುದು ಹೇಗೆ? ತೊಟ್ಟಿಲನ್ನೇ ನೋಡುತ್ತ ಕುಳಿತವಳಿಗೆ ಏನೋ ಹೊಳೆದು, ತೂಗಲು ಕೈ ಚಾಚಿದಳು. ಖಾಲಿ ತೊಟ್ಟಿಲು ತೂಗಬಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು, ರುಬ್ಬುವ ಗುಂಡುಕಲ್ಲು ತೊಳೆದು ತಂದು, ಅದಕ್ಕೊಂದು ಕುಲಾವಿ ತೊಡಿಸಿ ಮಲಗಿಸಿದಳು.

“ಕೂಸು ಥೇಟ್ ನಿಮ್ಮಂಗೇ ಗಟ್ಟಿ ಐತ್ರೀ,” ಎಂದಿತು ಫೋನು.

“ಕೇಳ್ರಿಲ್ಲಿ. ಒಂದು ಸಾಲು ಹಾಡಾದು, ತೊಟ್ಟಿಲು ಹೋಗಿ ಬರಾತನ ಬಾಯಿ ಮುಚ್ಕೊಂಡಿರಾದು. ನಿಮ್ ಕೈಲೆ ಆಗ್ತೈತಾ?”

“ಬಾಯಿ ಮುಚ್ಚಾದಾ? ಚೂದ್ದಾಂ, ನೋಡೇಬಿಡೂಣು.”

ಉರುಕುಂದಮ್ಮ ತೂಗಿದಳು. ಗಾದಿಲಿಂಗಮ್ಮ ಹತ್ತಿ ಹಾಸಿಗೆಯ ಸಾಲು ಹಾಡಿ ತಡೆದಳು. ತೊಟ್ಟಿಲು ಹೋಯಿತು, ಬಂತು.

“ಮೆತ್ತಗ ಮಲಗ ನಮ್ಮವ್ವ...”

ಹೋಯಿತು, ಬಂತು.

“ಅಡ್ಡಾಡಲಾರದಜ್ಜಿ ದನಿಯಾಗಿ ಬಂದಾಳ...”

ಉರುಕುಂದಮ್ಮನ ಬಾಯಿಂದ ತಾನಾಗಿಯೇ ಜಾರಿತು:

“ದೊಡ್ಡ ಬಾಯಾಕಿ ತಡದಾಳ!”

ತೊಟ್ಟಿಲು ಹೋಗಿ ಬಂತು. ಅತ್ತ ಸದ್ದಿಲ್ಲ. ಬೀಗತಿ ಮುನಿಸಿಕೊಂಡಳೇ? ಇನ್ನೊಮ್ಮೆ ಹೋಗಿ ಬರುವಷ್ಟರಲ್ಲಿ ಮಂಚವೇ ಕಿರುಗುಟ್ಟುವಂಥ ನಗೆ ಬಂದು ಮುಟ್ಟಿತು. “ಇರ್ಲ್ರೀ, ಆ ಸಾಲು ಇರ್ಲಿ! ತೆಗೆದೀರಂದ್ರ ನೋಡ್ರಿ!”

ಸಂಜೆ ಕೂಸು ತೊಟ್ಟಿಲಲ್ಲಿತ್ತು. ಓಣಿಯ ಹೆಂಗಸರೆಲ್ಲ ಸಾಲಿಗೊಮ್ಮೆ ತಡೆದು ತಡೆದು ಹಾಡಿದರು. ಕಡೆಯ ಸಾಲನ್ನಂತೂ ಕೂಗಿಯೇ ಹೇಳಿದರು. ಒಂದು ತೂಗಿನ ನಂತರ ಆದವಾನಿಯಿಂದ ಗದರಿಕೆ ಬಂತು:

“ಯಾಕ್ರೇ, ಉಂಡಿಲ್ಲೇನು? ಜೋರಾಗಿ ಹಾಡ್ರೇ!”