ಅಗಸ್ಟಿನ್ ಅವರ ಗಿಡ್ಡ ಯೂಟ್

ಅಗಸ್ಟಿನ್ ಪಿಂಟೋ ಅವರು ಮುಂದಕ್ಕೆ ನಡೆಯುವುದಕ್ಕಿಂತ ಹಿಂದಕ್ಕೆ ನಡೆಯುವುದರಲ್ಲೇ ಹೆಚ್ಚು ನಿಪುಣರು. ಮುಂದಕ್ಕೆ ನಡೆಯುವಾಗ ಅವರದು ಯಾರೂ ಎರಡನೆಯ ಸಲ ನೋಡದ ನಡಿಗೆ. ಎಡಭುಜ ತುಸು ವಾಲಿರುತ್ತದೆ, ಬಲಮಂಡಿ ಹೆಜ್ಜೆಹೆಜ್ಜೆಗೂ ಏನೋ ತಕರಾರು ತೆಗೆಯುತ್ತಿರುತ್ತದೆ. ಆದರೆ ಎರಡು ಚಕ್ರದ ಕೈಗಾಡಿಗೆ ಒಂದು ಫ್ರಿಜ್ ಬಿಗಿದು, ಅದನ್ನು ಎದೆಗೆ ವಾಲಿಸಿಕೊಂಡು ಹಿಮ್ಮುಖವಾಗಿ ಹೊರಟರೆಂದರೆ, ಹೊಸ್ತಿಲು, ಮೆಟ್ಟಿಲು, ಮಕ್ಕಳು ಅಂಗಳದಲ್ಲಿ ಬಿಟ್ಟುಹೋದ ಸೈಕಲ್ಲು ಎಲ್ಲವೂ ಬೆನ್ನಿಗೇ ಕಾಣುತ್ತಿರುವಂತೆ, ಒಂದನ್ನೂ ತಾಗದೆ, ಎಲ್ಲಿಯೂ ತಡವರಿಸದೆ ಸಾಗುತ್ತಾರೆ. ಆಗ ಆ ಗಿಡ್ಡ ದೇಹಕ್ಕೆ ಒಂದು ಬಗೆಯ ಗಾಂಭೀರ್ಯವೇ ಬಂದುಬಿಡುತ್ತದೆ. ನೋಡಿದವರು ದಾರಿ ಬಿಡುತ್ತಾರೆ.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಅವರ ವಾಸ; ಮೂಲ ಮಂಗಳೂರಿನ ಬಜ್ಪೆ ಕಡೆ. ಗೋದಾಮಿನ ನೌಕರಿ ಮುಗಿದ ಮೇಲೆ, ಜನ ಬೇಡವೆಂದ ಫ್ರಿಜ್ಜು, ವಾಷಿಂಗ್ ಮಷೀನುಗಳನ್ನು ತಂದು, ತಮ್ಮ ಗ್ಯಾರೇಜಿನಲ್ಲಿ ರಿಪೇರಿ ಮಾಡಿ, ಊರಿನಿಂದ ಹೊಸದಾಗಿ ಬಂದಿಳಿದ ಸಂಸಾರಗಳಿಗೆ ತಲುಪಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಮೈಮೇಲೆ ಸದಾ ತೋಳಿಲ್ಲದ ಒಂದು ಖಾಕಿ ಜಾಕೆಟ್ಟು. ಯಾವುದೋ ಹಳೆಯ ಸಾಮಾನಿನ ಜೊತೆ ಬಂದ ಅದರ ಎದೆಯ ಮೇಲೆ ‘ಬ್ರಾಯನ್’ ಎಂದು ಕಸೂತಿಯ ಹೆಸರಿದೆ. ಹೊಸಬರು ಬ್ರಾಯನ್ ಅಂಕಲ್ ಎಂದು ಕರೆದರೆ ಅವರು ತಿದ್ದುವುದಿಲ್ಲ, ಹಾಗೇ ಓಗೊಡುತ್ತಾರೆ. ಕ್ವೇಕರ್ಸ್ ಹಿಲ್‌ನ ಅರ್ಧ ಜನಕ್ಕೆ ಬ್ರಾಯನ್ ಮತ್ತು ಅಗಸ್ಟಿನ್ ಬೇರೆಬೇರೆ ಮನುಷ್ಯರೆಂಬ ಭಾವನೆ ಇಂದಿಗೂ ಇದೆ.

ಫ್ರಿಜ್ ಇಳಿಸಿದೊಡನೆ ಸ್ವಿಚ್ ಹಾಕಲು ಅವರು ಬಿಡುವವರಲ್ಲ. ದಾರಿಯಲ್ಲಿ ಅಲುಗಾಡಿ ಬಂದ ಯಂತ್ರ ಕೊಂಚ ಹೊತ್ತು ನಿಂತು ಸುಧಾರಿಸಿಕೊಳ್ಳಬೇಕು. ಅಲ್ಲಿಯವರೆಗೆ ಅಗಸ್ಟಿನ್ ಕುರ್ಚಿ ಇದ್ದರೆ ಕುರ್ಚಿಯ ಮೇಲೆ, ಇಲ್ಲದಿದ್ದರೆ ಇನ್ನೂ ಬಿಚ್ಚದ ಸೂಟ್‌ಕೇಸಿನ ಮೇಲೆ ಕೂತು ಚಹಾ ಕುಡಿಯುತ್ತಾರೆ. ಬಂಗುಡೆ ಯಾವ ಅಂಗಡಿಯಲ್ಲಿ ತಾಜಾ ಸಿಗುತ್ತದೆ, ರೆಂಟಿನ ಮನೆಯ ಗೋಡೆಗೆ ಮೊಳೆ ಹೊಡೆದರೆ ಏನಾಗುತ್ತದೆ, ಕಾಯಂ ವಾಸದ ಪಿಆರ್ ಬಂದ ಮೇಲೂ ಕೆಲಸ ಸಿಗದ ಮೊದಲ ತಿಂಗಳುಗಳಲ್ಲಿ ಮನಸ್ಸನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು, ಎಲ್ಲವೂ ಆ ಚಹಾದ ಜೊತೆಗೇ ಬರುತ್ತವೆ. ಹೊಸ ದೇಶದಲ್ಲಿ ತಮ್ಮ ಮನೆಗೆ ಬಂದ ಮೊದಲ ಅತಿಥಿ ಯಾರೆಂದು ಆ ಸಬರ್ಬಿನ ಕನ್ನಡದವರನ್ನು ಕೇಳಿದರೆ, ಬಹುಪಾಲು ಜನ ಅವರ ಹೆಸರನ್ನೇ ಹೇಳುತ್ತಾರೆ, ಎರಡರಲ್ಲಿ ಒಂದನ್ನು.

ಈ ಕಾಯಕಕ್ಕೆ ಅವರಿಗಿದ್ದ ಒಬ್ಬನೇ ಜೊತೆಗಾರನೆಂದರೆ ಒಂದು ಬಿಳಿಯ ಯೂಟ್. ಮುಂದೆ ಇಬ್ಬರು ಕೂರುವ ಕಾರು, ಹಿಂದೆ ಸಾಮಾನು ಹೇರುವ ತೆರೆದ ಟ್ರೇ. ಆ ದೇಶದ ಬಡಗಿ, ಪ್ಲಂಬರ್, ತೋಟದ ಕೆಲಸದವರೆಲ್ಲ ಅದನ್ನೇ ನಂಬಿ ಬದುಕಿದವರು. ಅಗಸ್ಟಿನ್ ಅವರ ಯೂಟಿನ ಟ್ರೇ ತೊಡೆಯ ಎತ್ತರಕ್ಕಿತ್ತು. ನೆಲದಿಂದ ಟ್ರೇಗೆ ಒಂದು ಅಗಲದ ಹಲಗೆ ಚಾಚಿ, ಕೈಗಾಡಿ ಎಳೆದುಕೊಂಡು ಹಿಮ್ಮುಖವಾಗಿ ಹತ್ತಿಬಿಡುತ್ತಿದ್ದರು. ಯಾರ ಕೈಯೂ ಬೇಕಿರಲಿಲ್ಲ. ಯಾರ ಕೈಯೂ ಬೇಡವೆಂಬುದೇ ಅವರ ವ್ಯಾಪಾರದ ಗುಟ್ಟು, ಬದುಕಿನ ಬಿಂಕವೂ ಹೌದು.

ಆದರೆ ಕಾಲ ಬೇರೆಯದೇ ದಿಕ್ಕಿಗೆ ಹೊರಟಿತ್ತು. ಎರಡು ಸಾವಿರದ ಹತ್ತರ ದಶಕ ಮುಂದುವರಿದಂತೆ ಯೂಟುಗಳು ಉಂಡು ಬೆಳೆದವು. ಎರಡು ಬಾಗಿಲಿದ್ದಲ್ಲಿ ನಾಲ್ಕು ಬಂದವು. ತೊಗಲಿನ ಆಸನ, ಟಿವಿಯಂಥ ಪರದೆ, ಬೆಟ್ಟ ಹತ್ತುವ ಚಕ್ರ ಎಲ್ಲವೂ ಬಂದು, ಕೂರುವ ಜಾಗ ಹಿಗ್ಗಿ ಹೇರುವ ಜಾಗ ಕುಗ್ಗಿತು. ಬೆಲೆಯ ಮಾತನ್ನು ಆಡದಿರುವುದೇ ಕ್ಷೇಮ. ದೇಶದೊಳಗೇ ತಯಾರಾಗುತ್ತಿದ್ದ ಗಿಡ್ಡ ಯೂಟುಗಳು ಎರಡು ಸಾವಿರದ ಹದಿನೇಳರ ಹೊತ್ತಿಗೆ ನಿಂತೇಹೋದವು. ಬೆಟ್ಟವನ್ನೇ ಕಾಣದ, ಮಕ್ಕಳನ್ನು ಶಾಲೆಗೆ ಬಿಟ್ಟು ಕಾಫಿ ಕುಡಿದು ಬರುವ ಗಾಡಿಗಳು ಮಾತ್ರ ಬೆಟ್ಟದಷ್ಟು ಎತ್ತರಕ್ಕೆ ಬೆಳೆದು ನಿಂತವು.

ಅದರ ಮರುವರ್ಷ, ವಾರ್ಷಿಕ ತಪಾಸಣೆಗೆ ಹೋದ ಬಿಳಿ ಯೂಟು ಪಾಸಾಗಲಿಲ್ಲ. ಅಡಿಭಾಗವನ್ನು ತುಕ್ಕು ತಿಂದುಹಾಕಿತ್ತು. ಮೆಕ್ಯಾನಿಕ್ ಇನ್ನು ಆಗದೆಂದು ತಲೆಯಾಡಿಸಿದ. ಹೆಂಡತಿ ಇಡಾ, ವೃದ್ಧರ ಆರೈಕೆಯ ಕೆಲಸದಲ್ಲಿ ಮುದಿ ಬೆನ್ನುಗಳ ಕಷ್ಟವನ್ನು ದಿನವೂ ನೋಡುವವರು, ಒಳಗೊಳಗೇ ಸಮಾಧಾನಪಟ್ಟರು. ಮನೆಮಾತು ಕೊಂಕಣಿ, ಅವರು ಆಡಿದ್ದನ್ನು ಮಂಗಳೂರಿನ ಕನ್ನಡಕ್ಕೆ ತಂದರೆ ಇಷ್ಟು: “ಇನ್ನು ಸಾಕಲ್ಲ. ಎಷ್ಟು ಜನರಿಗೆ ಫ್ರಿಜ್ ಹೊರುದು ನೀವು?”

ಈ ಮಾತಿಗೆ ಉತ್ತರ ಕೊಟ್ಟವನು ಮಗ ಆಲ್ರಾಯ್, ಮೆಲ್ಬರ್ನಿನಿಂದ, ಫೋನಿನಲ್ಲಿ. ಗ್ಲೆನ್ ವೇವರ್ಲಿಯಲ್ಲಿ ಮನೆ, ಮಾರ್ಟ್‌ಗೇಜು, ಎಲ್ಲಕ್ಕೂ ಒಂದು ಪರಿಹಾರವಿದೆಯೆಂಬ ನಂಬಿಕೆ, ಇವು ಅವನ ಆಸ್ತಿ. ಸಿಡ್ನಿಯ ಒಂದು ಷೋರೂಮಿನವರೊಡನೆ ಮಾತಾಡಿ, ನಾಲ್ಕು ಬಾಗಿಲಿನ ಒಂದು ಭಾರಿ ಯೂಟನ್ನು ಶನಿವಾರ-ಭಾನುವಾರದ ಮಟ್ಟಿಗೆ ಓಡಿಸಿ ನೋಡಲು ಅಪ್ಪನಿಗೆ ಕೊಡಿಸಿದ. “ಜಸ್ಟ್ ಟ್ರೈ ಮಾಡಿ ಡ್ಯಾಡ್, ಇಷ್ಟ ಆಗದಿದ್ರೆ ಮಂಡೇ ರಿಟರ್ನ್ ಮಾಡಿ.”

ತಪ್ಪು ನಡೆದದ್ದು ಭಾನುವಾರ. ಚರ್ಚಿನ ಕೊಂಕಣಿ ಪೂಜೆಗೆ ಅಗಸ್ಟಿನ್ ಆ ಗಾಡಿಯಲ್ಲೇ ಹೋದರು. ಯಾರ ಮನೆಗೆ ಹೊಸ ವಾಹನ ಬಂದರೂ ಪೂಜೆ ಮುಗಿದ ಮೇಲೆ ಫಾದರ್ ಹೊರಗೆ ಬಂದು ಪವಿತ್ರ ಜಲ ಚಿಮುಕಿಸಿ ಆಶೀರ್ವದಿಸುವುದು ಅಲ್ಲಿಯ ರೂಢಿ. ಪಾರ್ಕಿಂಗಿನಲ್ಲಿ ಮಿರುಗುತ್ತಿದ್ದ ಗಾಡಿಯನ್ನು ಕಂಡವರು ಫಾದರಿಗೆ ಹೇಳಿದರು, ಫಾದರ್ ಬಂದರು, ಜನ ಸುತ್ತುಗಟ್ಟಿದರು, ಯಾರೋ ಕನ್ನಡಿಗೆ ಜಪಮಾಲೆ ತೂಗುಹಾಕಿದರು. ಇದು ನನ್ನದಲ್ಲ, ಎರವಲು ತಂದದ್ದು ಎಂದು ಹೇಳಲು ಅಗಸ್ಟಿನ್ ಬಾಯಿ ತೆರೆಯುವಷ್ಟರಲ್ಲಿ ಪ್ರಾರ್ಥನೆ ಆರಂಭವಾಗಿತ್ತು. ಪ್ರಾರ್ಥನೆಯ ಮಧ್ಯೆ ಮಾತಾಡುವ ಜಾಯಮಾನ ಅವರದಲ್ಲ. ಕಣ್ಣು ಮುಚ್ಚಿ ನಿಂತರು. ಕಣ್ಣು ತೆರೆದಾಗ ಜನ ಕೈಕುಲುಕುತ್ತಿದ್ದರು. ಆಶೀರ್ವಾದ ಪಡೆದ ಗಾಡಿಯನ್ನು ವಾಪಸು ಕೊಡುವುದಾದರೂ ಹೇಗೆ? ಸಹಿ ಹಾಕದೆಯೇ ಕೊಂಡಂತಾಗಿತ್ತು.

ಅದೇ ಮಧ್ಯಾಹ್ನ ಗ್ಯಾರೇಜಿಗೆ ಚಕ್ರಪಾಣಿ ಬಂದರು. ಮೈಸೂರಿನವರು, ಆಗಷ್ಟೇ ಹೆಂಡತಿ ಮತ್ತು ಪುಟ್ಟ ಮಗಳು ಆದ್ಯಾಳೊಂದಿಗೆ ಬಂದು, ಮ್ಯಾಕ್ವೆರಿ ಪಾರ್ಕಿನ ಐಟಿ ಕಂಪನಿಯೊಂದಕ್ಕೆ ಸೇರಿದ್ದವರು. ಫ್ರಿಜ್ ಆರಿಸಿದ್ದಾಯಿತು, ಅಗಸ್ಟಿನ್ ಹಲಗೆ ಚಾಚಿದರು. ಹೊಸ ಗಾಡಿಯ ಟ್ರೇ ಅವರ ಎದೆಗೆ ಬರುತ್ತಿತ್ತು. ಹಲಗೆ ಏಣಿಯಂತೆ ಕಡಿದಾಗಿ ನಿಂತಿತು. ಹಿಮ್ಮುಖವಾಗಿ ಹತ್ತಲು ಹೋದವರು ಅರ್ಧದಲ್ಲೇ ನಿಂತರು, ಕೈಗಾಡಿ ಕೆಳಕ್ಕೆ ಜಗ್ಗಿತು. ಚಕ್ರಪಾಣಿ ಓಡಿಬಂದು ಕೆಳಗಿನಿಂದ ಹೆಗಲು ಕೊಡದಿದ್ದರೆ ಫ್ರಿಜ್ಜಿನೊಡನೆ ಮನುಷ್ಯರೂ ಉರುಳುತ್ತಿದ್ದರು. ಹೇಗೋ ಕೆಳಗಿಳಿಸಿದರು.

“ಪರವಾಗಿಲ್ಲ ಅಂಕಲ್, ನೀವು ಟೆನ್ಷನ್ ತಗೋಬೇಡಿ. ಅಂಗಡೀಲೇ ಒಂದು ಹೊಸದು ಬುಕ್ ಮಾಡ್ತೀನಿ, ಅವ್ರೇ ಡೆಲಿವರಿ ಮಾಡ್ತಾರೆ,” ಎಂದರು ಚಕ್ರಪಾಣಿ. ಒಳ್ಳೆಯ ಮಾತೇ. ಒಳ್ಳೆಯ ಮನಸ್ಸಿನಿಂದಲೇ ಬಂದ ಆ ಮಾತು ಅಗಸ್ಟಿನ್ ಅವರ ಎದೆಗೆ ನೇರವಾಗಿ ನಾಟಿತು. ಆ ಮನೆಯಲ್ಲಿ ಇನ್ನು ತಾವು ಕೂತು ಚಹಾ ಕುಡಿಯುವುದಿಲ್ಲ. ಡೆಲಿವರಿಯವರು ಬರುತ್ತಾರೆ, ಇಳಿಸುತ್ತಾರೆ, ಹೋಗುತ್ತಾರೆ. ಬಂಗುಡೆಯ ಅಂಗಡಿಯನ್ನು ಯಾರು ತೋರಿಸುತ್ತಾರೆ?

ಸಂಜೆಯವರೆಗೂ ಅವರು ರಿಪೇರಿಯಾದ ಫ್ರಿಜ್ಜುಗಳ ನಡುವೆ ಕೂತಿದ್ದರು. ಗಂಡನ ಬೆನ್ನು ಉಳಿಯಿತೆಂದು ನೆಮ್ಮದಿಯಾಗಿದ್ದ ಇಡಾ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಆ ಬೆನ್ನನ್ನು ಬಹಳ ಹೊತ್ತು ನೋಡಿದರು. ಉಳಿದದ್ದು ಬೆನ್ನು ಮಾತ್ರ ಎಂಬುದು ಆಗ ಅವರಿಗೆ ಗೊತ್ತಾಯಿತು. ಇದು ಅವರೇ ನಂತರ ಹೇಳಿದ್ದು.

“ನಾಳೆ ಆ ಗಾಡಿ ವಾಪಸ್ ಕೊಟ್ಟು ಬನ್ನಿ,” ಎಂದರು.

“ಬ್ಲೆಸ್ ಮಾಡಿ ಆಗಿದೆಯಲ್ಲ, ಇಡಾ.”

“ಫಾದರ್ ನೀರು ಹಾಕಿದ್ದು ನಿಮಗೆ. ಗಾಡಿ ನಡುವೆ ಬಂತು, ಅಷ್ಟೇ.”

ದೇವಶಾಸ್ತ್ರ ಓದಿದವರು ಇದನ್ನು ಒಪ್ಪುತ್ತಾರೋ ಇಲ್ಲವೋ ತಿಳಿಯದು, ಅಗಸ್ಟಿನ್ ಒಪ್ಪಿದರು. ಸೋಮವಾರ ಬೆಳಿಗ್ಗೆ ಜಪಮಾಲೆಯನ್ನು ಜೇಬಿಗಿಳಿಸಿ, ಗಾಡಿಯನ್ನು ಒಪ್ಪಿಸಿ ಬಂದರು.

ಆಮೇಲೆ ಶುರುವಾಯಿತು ಅವರ ಹುಡುಕಾಟ. ಒಂದೊಂದು ಷೋರೂಮಿಗೂ ಬಸ್ಸಿನಲ್ಲಿ ಹೋಗುವುದು, ಮುಂಭಾಗವನ್ನು ಕಣ್ಣೆತ್ತಿಯೂ ನೋಡದೆ ಗಾಡಿಯ ಹಿಂದೆ ಹೋಗಿ ಅದಕ್ಕೆ ಬೆನ್ನು ಮಾಡಿ ನಿಲ್ಲುವುದು, ಟ್ರೇಯ ಅಂಚು ಸೊಂಟಕ್ಕಿಂತ ಮೇಲೆ ತಾಗಿದರೆ ತಲೆಯಾಡಿಸುವುದು. ಮಾರಾಟದ ಹುಡುಗರಿಗೆ ಇದೆಂಥ ಪರೀಕ್ಷೆಯೆಂದು ತಿಳಿಯದು. ಅವರು ಪರದೆ ತೋರಿಸುತ್ತಿದ್ದರು, ಹಾಡು ಕೇಳಿಸುತ್ತಿದ್ದರು. ಮನೆಗೆ ಬಂದು ಇಡಾಗೆ ವರದಿ: “ಹಿಂದೆ ನೋಡ್ಲಿಕ್ಕೆ ಕ್ಯಾಮೆರಾ ಉಂಟು. ಹಿಂದೆ ಹಾಕ್ಲಿಕ್ಕೆ ಜಾಗ ಇಲ್ಲ.” ಸಾದಾ ಗಾಡಿ ಈಗ ಯಾರೂ ಕೇಳುವುದಿಲ್ಲ ಅಂಕಲ್, ಎಂದು ಪಂಜಾಬಿ ಹುಡುಗನೊಬ್ಬ ಹಿಂದಿಯಲ್ಲಿ ವಿನಯದಿಂದಲೇ ಹೇಳಿದ. ಅಂದಿನಿಂದ ಅಗಸ್ಟಿನ್‌ಗೆ ಒಂದು ಹಠ ಹಿಡಿಯಿತು. ಹೊರಡುವ ಮುನ್ನ ಎಲ್ಲ ಕಡೆಯೂ ಅದೇ ಮಾತು: ಒಬ್ಬ ಬಂದು ಕೇಳಿದ ಎಂದು ನಿಮ್ಮ ಮೇಲಿನವರಿಗೆ ಹೇಳಿ. ನಗುವವರು ನಕ್ಕರು. ಅವರು ಮುಂದಿನ ವಾರ ಮತ್ತೆ ಹೋಗಿ, ಹೇಳಿದಿರಾ ಎಂದು ವಿಚಾರಿಸಿದರು.

ಚಳಿ ಕಳೆದು ಬೇಸಗೆ ಬಂತು. ಗ್ಯಾರೇಜಿನ ಫ್ರಿಜ್ಜುಗಳಿಗೆ ಧೂಳು ಕೂತಿತು. ಒಂದು ದಿನ ಆಲ್ರಾಯ್ ಫೋನು ಮಾಡಿದ. ಮೊದಮೊದಲು ಅಪ್ಪನ ಹಠಕ್ಕೆ ರೇಗಿದ್ದವನೇ, ಈಗ ಮಧ್ಯಾಹ್ನದ ಊಟದ ಹೊತ್ತನ್ನೆಲ್ಲ ಮೆಲ್ಬರ್ನಿನ ಡೀಲರುಗಳಿಗೆ ಫೋನು ಮಾಡುತ್ತ ಕಳೆಯುತ್ತಿದ್ದನಂತೆ. ಡ್ಯಾಂಡಿನಾಂಗ್ ಕಡೆಯ ಸಣ್ಣ ವ್ಯಾಪಾರಿಯೊಬ್ಬಳು ಸಾದಾ ಯೂಟುಗಳನ್ನು ಪರೀಕ್ಷೆಗೆಂದು ತರಿಸಿದ್ದಾಳೆ. ಎರಡೇ ಬಾಗಿಲು, ಕಬ್ಬಿಣದ ಟ್ರೇ, ಗಿಡ್ಡ ಕಾಲು. “ನೀವೇ ಬಂದು ಬೆನ್ನು ಹಚ್ಚಿ ನೋಡಿ ಡ್ಯಾಡ್,” ಎಂದ.

ಹೋದರು. ಇಡಾ ಕೂಡ ಜೊತೆಗೆ. ಟ್ರೇಯ ಅಂಚು ಅಗಸ್ಟಿನ್ ಅವರ ತೊಡೆಗೆ ತಾಗಿತು. ಇದನ್ನು ತರಿಸಲು ಧೈರ್ಯ ಹೇಗೆ ಬಂತೆಂದು ಕೇಳಿದಾಗ ಆ ವ್ಯಾಪಾರಿ ಹೇಳಿದ್ದಿಷ್ಟು: ಕೇಳಿಕೊಂಡು ಬರುವ ಮುದುಕರು ನಿಲ್ಲಲೇ ಇಲ್ಲ, ಕೊನೆಗೆ ತರಿಸುವುದೇ ಸುಲಭ ಅನ್ನಿಸಿತು. ಅಗಸ್ಟಿನ್ ಅವರಿಗೆ ಆ ಮಾತು ಬಹಳ ಹಿತವಾಯಿತು. ಅವರು ಒಬ್ಬರೇ ಆಗಿರಲಿಲ್ಲ.

ಆದರೂ ಫ್ರಿಜ್ ಹತ್ತಿಸದೆ ಕೊಳ್ಳುವ ಆಸಾಮಿ ಅವರಲ್ಲ. ಯೂಟನ್ನು ಗ್ಲೆನ್ ವೇವರ್ಲಿಗೆ ತಂದು, ಆಲ್ರಾಯ್ ಬಿಸಾಡಬೇಕೆಂದಿದ್ದ ಹಳೆಯ ಫ್ರಿಜ್ಜನ್ನು ಅಲ್ಲೇ ಎರವಲು ಪಡೆದ ಕೈಗಾಡಿಗೆ ಬಿಗಿದು, ಹಲಗೆ ಚಾಚಿದರು. ಆಲ್ರಾಯ್ ಕೈ ಚಾಚಿದ. “ಬಿಡು ಮಗಾ,” ಎಂದರು. ಹಿಮ್ಮುಖವಾಗಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಮಂಡಿ ತಕರಾರು ತೆಗೆಯಿತು, ಅವರು ಕಿವಿಗೊಡಲಿಲ್ಲ. ಟ್ರೇಯ ಮೇಲೆ ನಿಂತು ಫ್ರಿಜ್ಜನ್ನು ನೆಟ್ಟಗೆ ಮಾಡಿದಾಗ ಇಡಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಸಂತೋಷಕ್ಕೇ ಅತ್ತದ್ದು ಎಂದು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಮೆಲ್ಬರ್ನಿನಿಂದ ಸಿಡ್ನಿಗೆ ಇಡೀ ದಿನದ ಹಾದಿ. ಆ ಫ್ರಿಜ್ಜನ್ನೂ ಹೊತ್ತು ಗಂಡಹೆಂಡಿರು ಹೊಸ ಯೂಟಿನಲ್ಲೇ ಹೊರಟರು. ದಾರಿಯಲ್ಲಿ ಚಕ್ರಪಾಣಿ ಅವರ ಫೋನು: “ಅಂಕಲ್, ನಮ್ ಆಫೀಸಿಗೆ ಹೊಸಬರೊಬ್ರು ಬಂದಿದಾರೆ, ಚನ್ನಬಸಯ್ಯ ಅಂತ. ಫ್ರಿಜ್ ಬೇಕಂತೆ. ಡೆಲಿವರಿಯವ್ರು ಬೇಡ, ನೀವೇ ಬರ್ಬೇಕು. ನಮ್ಮನೇಗೆ ಬಂದೋರು ಬಾಗ್ಲಲ್ಲೇ ಇಟ್ಟು ಹೋದ್ರು, ಒಂದು ಮಾತೂ ಆಡ್ಲಿಲ್ಲ.”

ಈಗ ಅವರ ಬಳಿ ಬೇಕಾದ ಯೂಟ್ ಇದೆ. ಆದರೂ ಯಾವುದೇ ರಸ್ತೆಯಲ್ಲಿ ಹೋಗುವಾಗ ಷೋರೂಮು ಕಂಡರೆ ಗಾಡಿ ನಿಲ್ಲಿಸಿ, ಒಳಗೆ ಹೋಗಿ, ಸಾದಾ ಗಾಡಿ ಬಂತೇ ಎಂದು ಕೇಳಿಯೇ ಮುಂದಕ್ಕೆ ಹೋಗುತ್ತಾರೆ. ನಿಮಗೆ ಸಿಕ್ಕಿತಲ್ಲ, ಇನ್ನೆಂಥ ಕೇಳ್ಲಿಕ್ಕೆ ಉಂಟು ಎಂದು ಇಡಾ ಛೇಡಿಸಿದರೆ, “ನನಗೆ ಸಿಕ್ಕಿತು. ಮುಂದಿನವನಿಗೆ ಬೇಡವಾ?” ಎನ್ನುತ್ತಾರೆ.

ಇಂಥವರು ಒಂದೊಂದು ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಸಭೆಗಳಲ್ಲಿ ಇವರ ಮಾತು ನಡೆಯುವುದಿಲ್ಲ, ಪತ್ರಿಕೆಗಳಲ್ಲಿ ಇವರ ಹೆಸರು ಬರುವುದಿಲ್ಲ. ಅಂಗಡಿಯ ಕಟ್ಟೆಯ ಮುಂದೆ ನಿಂತು, ನಗೆಗೀಡಾಗಿ, ಅದೇ ಸಣ್ಣ ಪ್ರಶ್ನೆಯನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಸಾಮಾನ್ಯರ ಕೈಗೆ ಎಟುಕುವಂಥದ್ದು ಜಗತ್ತಿನಲ್ಲಿ ಏನಾದರೂ ಇನ್ನೂ ಉಳಿದಿದ್ದರೆ, ಹೋದದ್ದು ಏನಾದರೂ ತಿರುಗಿ ಬರುವುದಿದ್ದರೆ, ಅದು ತಮಗೆ ಸಿಕ್ಕಿದ ಮೇಲೂ ಕೇಳುವುದನ್ನು ನಿಲ್ಲಿಸದ ಇಂಥವರಿಂದಲೇ.