ಹತ್ತು ದಿನದವಳು

೨೦೨೪ರ ನವೆಂಬರ್ ೨, ಶನಿವಾರ. ನಾರ್ತ್‌ವಿಲ್‌ನಲ್ಲಿರುವ ಮಗಳು ಸ್ಮಿತಾಳ ಮನೆಯಿಂದ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಇಪ್ಪತ್ತಾರು ಮೈಲಿ. ಕಾರಿನಲ್ಲಿದ್ದವರು ಮೂವರು: ನಾನು, ನನ್ನ ಪತ್ನಿ ಶಾರದ, ಡ್ರೈವ್ ಮಾಡುತ್ತಿದ್ದ ಹದಿನೇಳು ವರ್ಷದ ಮೊಮ್ಮಗಳು ಇಂಚರ.

ಇಂಚರ ಶಾಲೆಗಾಗಿ ಒಂದು ಪ್ರಬಂಧ ಬರೆಯಬೇಕಿತ್ತು. ವಿಷಯ, ಹೆಡೆಲಿಂಡ್ ಎಂಬ ಹನ್ನೆರಡನೆಯ ಶತಮಾನದ ಜರ್ಮನ್ ಸಿರಿವಂತೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ವಿಧವೆಯಾಗಿ, ಏಳು ಗ್ರಾಮಗಳನ್ನು ಮಠಕ್ಕೆ ಬಿಟ್ಟುಕೊಟ್ಟು ಸನ್ಯಾಸಿನಿಯಾದವಳು. ಈ ಮಠದವರು ಆಕೆಯ ಪರಂಪರೆಯವರು.

ನಮ್ಮನ್ನು ಎದುರುಗೊಂಡ ಸಿಸ್ಟರ್ ಜಸಿಂತಾ ನಮ್ಮ ಮಾತು ಕೇಳಿ ನಿಂತುಬಿಟ್ಟರು.

“ಕನ್ನಡವಾ! ಮೊದಲೇ ಹೇಳಬಾರದಾ ಮಾರಾಯ್ರೆ? ನಾನು ಕಾರ್ಕಳದವಳು.”

ಗ್ರಂಥಾಲಯದಲ್ಲಿ ಅವರು ಹೆಡೆಲಿಂಡ್ ಸೇರಿದ ಹಳೆಯ ಮಠದ ‘ಮೃತರ ಪುಸ್ತಕ’ದ ಒಂದು ಪ್ರತಿಯನ್ನು ತೆರೆದರು. ತೀರಿಕೊಂಡವರ ಹೆಸರುಗಳನ್ನು ಅದರಲ್ಲಿ ತಾರೀಖಿನ ಪ್ರಕಾರ ಬರೆದಿಟ್ಟು, ಪ್ರತಿವರ್ಷ ಆಯಾ ದಿನ ಗಟ್ಟಿಯಾಗಿ ಓದುತ್ತಾರೆ. ಏಳು ಗ್ರಾಮಗಳಿಗೆ ಪ್ರತಿಯಾಗಿ ಹೆಡೆಲಿಂಡ್ ಕೇಳಿದ್ದು ಒಂದೇ: ತನ್ನ ಹಸುಗೂಸಿನ ಹೆಸರನ್ನು ಓದುವುದನ್ನು ಎಂದೂ ನಿಲ್ಲಿಸಬಾರದು. ಲ್ಯಾಟಿನ್ ಸಾಲನ್ನು ಸಿಸ್ಟರ್ ಕನ್ನಡದಲ್ಲಿ ಹೇಳಿದರು. “ಇಡಾ. ಜನವರಿ ಮೂವತ್ತರಂದು ಹುಟ್ಟಿದಳು. ಫೆಬ್ರವರಿ ಏಳರಂದು ತೀರಿಕೊಂಡಳು. ಒಂಬತ್ತು ದಿನ ಬದುಕಿದಳು.”

“ತಪ್ಪು. ಕಳೆದರೆ ಎಂಟು ಬರುತ್ತದೆ,” ಎಂದೆ. ಮೂವತ್ತನಾಲ್ಕು ವರ್ಷ ಮೈಸೂರಿನಲ್ಲಿ ಗಣಿತ ಕಲಿಸಿದ್ದೇನೆ.

“ತಾತ, ಪ್ಲೀಸ್. ಇಟ್ಸ್ ನಾಟ್ ಎ ಟೆಸ್ಟ್,” ಎಂದಳು ಇಂಚರ.

ಸಿಸ್ಟರ್ ನಕ್ಕರು. “ತಾಯಿ ಹಾಕಿದ ಲೆಕ್ಕ ಅಲ್ಲವಾ ಸರ್. ಹುಟ್ಟಿದ ದಿನವನ್ನೂ ಬಿಡಲಿಲ್ಲ, ಹೋದ ದಿನವನ್ನೂ ಬಿಡಲಿಲ್ಲ.”

ಶಾರದ ಹೇಳಿದಳು: “ನಮ್ಮದು ಹತ್ತು ದಿನ.”

“ಒಂಬತ್ತು,” ಎಂದೆ. ಬಾಯಿ ತಾನಾಗಿ ತಿದ್ದಿತು.

“ಅಜ್ಜಿ, ನಮ್ಮದು ಅಂದ್ರೆ? ವಾಟ್ ಡು ಯು ಮೀನ್?” ಎಂದು ಇಂಚರ ನಮ್ಮಿಬ್ಬರನ್ನೂ ನೋಡಿದಳು.

ಶಾರದ ಹೇಳಿದಳು. ಸ್ಮಿತಾಳಿಗಿಂತ ಮೊದಲು ಒಂದು ಹೆಣ್ಣು ಕೂಸು. ೧೯೮೧ರ ಮೇ ೩ರಂದು ಹುಟ್ಟಿ ೧೨ರಂದು ಹೋಯಿತು. ಮರುದಿನ ನಾಮಕರಣವಿತ್ತು. ಹೆಸರಿಡದ ಕೂಸಿಗೆ ಶ್ರಾದ್ಧವಿಲ್ಲ ಎಂದು ಪುರೋಹಿತರು ಹೇಳಿದರು. ನಾನು ಒಪ್ಪಿದೆ. ನಮ್ಮ ಮನೆಯಲ್ಲಿ ಹೆಸರನ್ನು ಆರಿಸುವವನು ತಂದೆ. ತಟ್ಟೆಯ ಅಕ್ಕಿಯಲ್ಲಿ ಅದನ್ನು ಬರೆಯುವ ತನಕ ತಾಯಿಗೂ ಹೇಳುವುದಿಲ್ಲ. ಆ ವರ್ಷ ಶಾರದ ಮೂರು ಸಲ ಕೇಳಿದಳು. ‘ಇಡದ ಹೆಸರು ಹೆಸರೇ ಅಲ್ಲ’ ಎಂದಿದ್ದೆ. ಆಮೇಲೆ ಅವಳು ಕೇಳಲಿಲ್ಲ. ಮಕ್ಕಳೆಷ್ಟು ಎಂದವರಿಗೆಲ್ಲ ನಾನು ಒಬ್ಬಳೇ ಎನ್ನುತ್ತ ಬಂದೆ.

ಸಿಸ್ಟರ್ ನಮ್ಮನ್ನು ಪ್ರಾರ್ಥನಾ ಮಂದಿರದ ಬಾಗಿಲಿಗೆ ಕರೆದೊಯ್ದರು. ಅಲ್ಲಿ ಮೇಜಿನ ಮೇಲೆ ಇನ್ನೊಂದು ಪುಸ್ತಕ ತೆರೆದಿತ್ತು, ಈ ವರ್ಷದ್ದು. ನವೆಂಬರ್‌ನಲ್ಲಿ ಯಾರು ಬೇಕಾದರೂ ತಮ್ಮವರ ಹೆಸರು ಬರೆಯಬಹುದು. ತಿಂಗಳಿಡೀ ಸನ್ಯಾಸಿನಿಯರು ಅವನ್ನು ಓದುತ್ತಾರೆ.

“ಬರೀರಿ ಅಮ್ಮ,” ಎಂದರು.

“ನಾವು ನಿಮ್ಮ ಧರ್ಮದವರಲ್ಲ,” ಎಂದೆ.

“ಗೊತ್ತುಂಟು ಮಾರಾಯ್ರೆ. ಓದುವವರು ನಾವಲ್ಲವಾ? ನಿಮಗೇನು ಕಷ್ಟ?”

ಶಾರದ ಪೆನ್ನು ಹಿಡಿದು ಎರಡು ತಾರೀಖುಗಳನ್ನು ಬರೆದಳು. ಅಲ್ಲಿಗೆ ಕೈ ನಿಂತಿತು.

“ಹೆಸರು ನಂಗೊತ್ತಿಲ್ಲ ಸಿಸ್ಟರ್. ಇವರಿಗೆ ಗೊತ್ತು.”

ನನ್ನ ಮುಖ ನೋಡದೆ ಪೆನ್ನನ್ನು ನನ್ನತ್ತ ಚಾಚಿದಳು. ಈಗಲೂ ನಾನು ಇಲ್ಲವೆಂದರೆ ಅವಳು ಇನ್ನೆಂದೂ ಕೇಳುವವಳಲ್ಲ ಎಂಬುದು ನನಗೆ ತಿಳಿಯಿತು. ಅವಳಿಗೆ ಎಪ್ಪತ್ತು, ನನಗೆ ಎಪ್ಪತ್ತೆಂಟು.

ಪೆನ್ನು ತೆಗೆದುಕೊಂಡೆ. ‘ಸಿಂಧು’ ಎಂದು ಬರೆದೆ. ಸಿಸ್ಟರುಗಳು ಓದಬೇಕಲ್ಲ, ಇಂಗ್ಲಿಷಿನಲ್ಲಿಯೂ ಬರೆದೆ. ಪಕ್ಕದಲ್ಲಿ ‘ಹತ್ತು ದಿನ’ ಎಂದು ಸೇರಿಸಿದೆ.

ಶಾರದ ಕನ್ನಡಕ ಸರಿಮಾಡಿಕೊಂಡು ಓದಿದಳು.

“ಎರಡೇ ಅಕ್ಷರ! ಇಷ್ಟಕ್ಕೆ ನಲವತ್ಮೂರು ವರ್ಷ ಕಾಯಿಸಿದ್ರಾ?” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನು ಏನೇನೋ ಅಂದ್ಕೊಂಡಿದ್ದೆ. ಚೆನ್ನಾಗಿದೆ ಕಣ್ರೀ. ಬರೆದ್ರೆ ಸಾಲದು, ಬಾಯಲ್ಲಿ ಹೇಳಿ.”

ನಾಮಕರಣದಲ್ಲಿ ತಂದೆ ಕೂಸಿನ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳಬೇಕು. ಕೂಸಿಲ್ಲದ್ದರಿಂದ ಶಾರದಳ ಕಿವಿಯ ಬಳಿ ಬಾಗಿದೆ. ಇಂಚರ ಅಜ್ಜಿಯ ಕೈ ಹಿಡಿದುಕೊಂಡಿದ್ದಳು. ಒಮ್ಮೆ ಹೇಳಿದೆ. ಎರಡನೆಯ ಸಲ ‘ಸಿಂ’ ಎನ್ನುವಷ್ಟಕ್ಕೇ ನಿಂತೆ.

“ಇರಲಿ ಬಿಡಿ. ನಿಧಾನವಾಗಿ ಹೇಳಿ,” ಎಂದಳು ಶಾರದ.

ಮೂರರಲ್ಲಿ ಒಂದು ಸಂದಿದೆ. ಎರಡು ಬಾಕಿ ಇವೆ.